ಕೊನೆಯ ಫಾರಮಿನ ಕೆಂಪು ಪಟ್ಟಿ

ಪುಸ್ತಕದ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯರು ಆಗಾಗ ನಮ್ಮನೆಗೆ ಬರುತ್ತಾರೆ. ಚಪ್ಪಲಿ ಬಿಡುವ ಮೊದಲೇ ಅವರ ಪ್ರಶ್ನೆ ರೆಡಿ. "ಆಂಟಿ, ಜೀವಮಾನವೆಲ್ಲ ಕೊಲೆ ಕಥೆ ತಿದ್ದಿದ್ದೀರಲ್ಲ, ಭಯ ಆಗ್ತಿರಲಿಲ್ವಾ?" ಅಯ್ಯೋ, ಕಾಗದದ ಮೇಲಿನ ಹೆಣಕ್ಕೆ ಯಾರಾದರೂ ಹೆದರುತ್ತಾರೇನ್ರೇ? ನಾನು ಹೆದರುತ್ತಿದ್ದದ್ದು ಅಚ್ಚಾಗಿ ಹೋದ ಫಾರಮಿಗೆ. ಇದನ್ನು ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೆದಿಡುತ್ತಿದ್ದೇನೆ.

ನನ್ನ ಹೆಸರು ಮುನಿಲಕ್ಷ್ಮಿ. ಊರು ದೊಡ್ಡನೆಕ್ಕುಂದಿ. ನಮ್ಮಪ್ಪ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಯಾವುದೋ ಕಂಪನಿಯವರ ಕ್ಯಾಂಟೀನು ಇದೆ. ಹಲಸೂರಿನ ಒಂದು ಪ್ರೆಸ್ಸಿಗೆ ಪ್ರೂಫ್ ನೋಡಲು ಸೇರಿದಾಗ ಮನೆಯಲ್ಲಿ ದೊಡ್ಡ ರಂಪ. "ಮದುವೆ ಆಗ್ಬೇಕಾದ ಹುಡುಗಿ, ವಿಷ ಹಾಕೋದು, ಕತ್ತು ಹಿಸುಕೋದು ಓದ್ಕೊಂಡು ಕೂತ್ರೆ ಯಾರು ಕೇಳ್ಕೊಂಡು ಬರ್ತಾರೆ?" ಅಂತ ನಮ್ಮಜ್ಜಿ. ಕೇಳಿಕೊಂಡು ಬಂದವರು ಬಂದರು, ಆ ಕಥೆ ಬೇರೆ. ಪ್ರೂಫ್ ನೋಡಲು ಒಳಗೆ ಹೋದವಳು ಸಂಪಾದಕಿಯಾಗಿ ಹೊರಗೆ ಬಂದೆ. ನಡುವೆ ಬಡ್ತಿ ಯಾವಾಗ ಬಂತೋ ನೆನಪಿಲ್ಲ. ಕುರ್ಚಿಗೊಂದು ಕುಶನ್ ಬಂತು, ಅದು ನೆನಪಿದೆ.

ನಮ್ಮ ಪ್ರೆಸ್ಸು ತಿಂಗಳಿಗೊಂದು ಪತ್ತೇದಾರಿ ಕಾದಂಬರಿ ತರುತ್ತಿತ್ತು. ಜೇಬಿನಲ್ಲಿ ಹಿಡಿಯುವ ಪುಸ್ತಕ. ಪ್ರತಿ ಪುಸ್ತಕದಲ್ಲೂ ಒಬ್ಬನೇ ಪತ್ತೇದಾರ, ಗಜೇಂದ್ರ. ಬರೆಯುವವರೂ ಒಬ್ಬರೇ, ಶ್ರೀಕಂಠಯ್ಯನವರು. ವಿಮಾನ ಕಾರ್ಖಾನೆಯಲ್ಲಿ ಕೆಲಸ, ಹೊಸ ತಿಪ್ಪಸಂದ್ರದಲ್ಲಿ ಮನೆ. ಶಿಫ್ಟು ಮುಗಿಸಿ ಬಂದು ಊಟದ ಮೇಜಿನ ಮೇಲೆ ಬರೆಯುತ್ತಿದ್ದರು. ಗಜೇಂದ್ರನಿಗೆ ಕೊಲೆಗಾರ ಯಾರೆಂದು ಹೊಳೆದ ಕೂಡಲೇ ಜೇಬಿನ ಡಬ್ಬಿಯಿಂದ ಒಂದು ಏಲಕ್ಕಿ ತೆಗೆದು ಬಾಯಿಗೆ ಹಾಕಿಕೊಳ್ಳುತ್ತಿದ್ದ. ಆ ಏಲಕ್ಕಿಗಾಗಿ ಕಾಯುವ ಓದುಗರಿದ್ದರು. ಕೆ.ಆರ್. ಪುರಂನಿಂದ ರೈಲು ಹತ್ತಿದವರು ಊರು ತಲುಪುವಷ್ಟರಲ್ಲಿ ಒಂದು ಗಜೇಂದ್ರ ಮುಗಿಸುತ್ತಿದ್ದರು.

ಈಗ ಫಾರಂ ಅಂದರೇನು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಮಶೀನಿನಲ್ಲಿ ಹದಿನಾರು ಪುಟಗಳು ಒಂದೇ ಹಾಳೆಯಲ್ಲಿ ಅಚ್ಚಾಗುತ್ತವೆ, ಆ ಹಾಳೆಯನ್ನು ಮಡಿಚಿದರೆ ಒಂದು ಫಾರಂ. ಎಂಟು ಫಾರಂ ಸೇರಿದರೆ ಒಂದು ಗಜೇಂದ್ರ. ಶ್ರೀಕಂಠಯ್ಯನವರು ಕಥೆಯನ್ನು ಪೂರ್ತಿ ಬರೆದು ಕೊಟ್ಟವರೇ ಅಲ್ಲ. ಬರೆದಷ್ಟು ಕಳಿಸುತ್ತಿದ್ದರು, ನಾವು ಬಂದಷ್ಟು ಅಚ್ಚು ಹಾಕುತ್ತಿದ್ದೆವು. ಏಳು ಫಾರಂ ಅಚ್ಚಾಗಿ ಒಣಗಿ ಕೂತಿರುವಾಗ ಎಂಟನೆಯದು ಇನ್ನೂ ಅವರ ತಲೆಯಲ್ಲೇ ಇರುತ್ತಿತ್ತು. ಅಚ್ಚಿನ ಮೊಳೆ ಜೋಡಿಸುವ ಕಾಲ ಹೋಗಿ ಕಂಪ್ಯೂಟರ್ ಬಂತು, ಆಫ್‌ಸೆಟ್ ಮಶೀನು ಬಂತು. ಈ ಪದ್ಧತಿ ಮಾತ್ರ ಹಾಗೇ ಉಳಿಯಿತು.

ಎಂಟನೇ ಫಾರಮಿಗೆ ಇನ್ನೊಂದು ಮರ್ಯಾದೆ ಇತ್ತು. ಪುಸ್ತಕ ಕಟ್ಟಿ ಅಂಚು ಕತ್ತರಿಸಿದ ಮೇಲೆ, ಬೈಂಡಿಂಗ್ ಹೆಂಗಸರು ಆ ಕೊನೆಯ ಪುಟಗಳಿಗಷ್ಟೇ ಸುತ್ತಿ ಒಂದು ತೆಳು ಕೆಂಪು ಕಾಗದದ ಪಟ್ಟಿ ಅಂಟಿಸುತ್ತಿದ್ದರು. ಕೊಲೆಗಾರ ಯಾರು ಅಂತ ತಿಳಿಯಬೇಕಾದರೆ ಪಟ್ಟಿ ಹರಿಯಬೇಕು. ಅಂಗಡಿಯಲ್ಲಿ ಹರಿದರೆ ಪುಸ್ತಕ ಕೊಂಡೇ ಹೋಗಬೇಕು. ಇದು ನಮ್ಮ ದೊಡ್ಡ ಯಜಮಾನರು ಷಣ್ಮುಗಂ ಅವರ ಉಪಾಯ. ಮನೆಮಾತು ತಮಿಳು, ಹುಚ್ಚು ಮಾತ್ರ ಕನ್ನಡ ಪತ್ತೇದಾರಿಯದು. ಪ್ರೆಸ್ಸಿನ ಮಾಲೀಕರಾಗಿಯೂ ಕೊನೆಯ ಫಾರಂ ಮೊದಲೇ ಓದುತ್ತಿರಲಿಲ್ಲ. ಪುಸ್ತಕ ತಯಾರಾದ ದಿನ ಜಗಲಿಯ ಮೇಲೆ ಕೂತು, ಉಳಿದ ಏಳನ್ನೂ ಓದಿ, ಬ್ಲೇಡು ತರಿಸಿ ಪಟ್ಟಿ ಕೊಯ್ಯುತ್ತಿದ್ದರು. ಅಷ್ಟು ಹೊತ್ತು ನಾವೆಲ್ಲ ಅವರ ಮುಖವನ್ನೇ ನೋಡುತ್ತಿದ್ದೆವು.

ಒಂದು ಸಲ ನನ್ನ ಜೀವ ಬಾಯಿಗೆ ಬಂದಿತ್ತು. ಎರಡನೇ ಫಾರಮಿನಲ್ಲಿ ವಿಷ ಕುಡಿದು ಸತ್ತ ಪೋಸ್ಟ್‌ಮ್ಯಾನ್ ಆರನೇ ಫಾರಮಿನಲ್ಲಿ ಬಂದು ಗಜೇಂದ್ರನ ಜೊತೆ ಕೂತು ಬಜ್ಜಿ ತಿಂದಿದ್ದ. ಶ್ರೀಕಂಠಯ್ಯನವರಿಗೆ ಮರೆತುಹೋಗಿತ್ತು. ಆ ವಾರ ನಾನು ಬಾಣಂತನದ ರಜೆಯಲ್ಲಿದ್ದೆ, ಪ್ರೂಫ್ ನೋಡಿದವನು ಕಾಗುಣಿತ ನೋಡಿದನೇ ಹೊರತು ಹೆಣ ನೋಡಲಿಲ್ಲ. ಆರೂ ಫಾರಂ ಅಚ್ಚಾಗಿ ಹೋಗಿವೆ! ದೊಡ್ಡ ಯಜಮಾನರು ಕೇಳಿದ್ದು ಒಂದೇ ಮಾತು. "ಅಚ್ಚಾಯ್ತಾ? ಹಾಗಾದ್ರೆ ನಡೆದುಹೋಯ್ತು. ಮುಂದೆ ನೋಡಿ." ಅಂದರೆ, ನಮ್ಮ ಪ್ರೆಸ್ಸಿನಲ್ಲಿ ಅಚ್ಚಾದದ್ದು ಗಜೇಂದ್ರನ ಲೋಕದಲ್ಲಿ ನಿಜವಾಗಿ ಆಗಿಹೋಗಿದೆ. ಹಾಳೆ ಹರಿದು ಬಿಸಾಡುವ ಮಾತೇ ಇಲ್ಲ, ಅದನ್ನು ಇಟ್ಟುಕೊಂಡೇ ದಾರಿ ಹುಡುಕಬೇಕು. ಶ್ರೀಕಂಠಯ್ಯನವರು ಎಂಟನೇ ಫಾರಮಿನಲ್ಲಿ ಬಜ್ಜಿ ತಿಂದವನನ್ನು ಪೋಸ್ಟ್‌ಮ್ಯಾನ್‌ನ ಅವಳಿ ತಮ್ಮ ಮಾಡಿ, ಅವನ ಕೈಗೇ ಬೇಡಿ ಹಾಕಿಸಿದರು. ಓದುಗರು ಕುಣಿದಾಡಿದರು. ಬಜ್ಜಿ ತಿಂದದ್ದೇ ದೊಡ್ಡ ಸುಳಿವು ಅಂತ ಮಾತಾಡಿಕೊಂಡರಂತೆ, ಹೆಂಗಿದೆ ನೋಡಿ!

ಆ ಕಾಲದ ಶ್ರೀಕಂಠಯ್ಯ ಹಾಗಿದ್ದರು. ಸಿಕ್ಕಿಹಾಕಿಕೊಂಡಷ್ಟೂ ಹೊಳೆಯುತ್ತಿತ್ತು ಅವರಿಗೆ. ಆಮೇಲೆ ಏನಾಯಿತೋ, ಸಿಕ್ಕಿಹಾಕಿಕೊಳ್ಳುವುದನ್ನೇ ಬಿಟ್ಟರು. ಕಾರ್ಖಾನೆಯಿಂದ ನಿವೃತ್ತರಾದರು, ಬರೆಯಲು ಬೇಕಾದಷ್ಟು ಹೊತ್ತು ಸಿಕ್ಕಿತು, ಹಸ್ತಪ್ರತಿಗಳು ಅಚ್ಚುಕಟ್ಟಾಗಿ ಬರತೊಡಗಿದವು. ಹೆಣ ಒಂದನೇ ಫಾರಮಿನಲ್ಲಿ, ಅನುಮಾನ ಎರಡರಲ್ಲಿ, ಏಲಕ್ಕಿ ಏಳರಲ್ಲಿ. ಪ್ರೂಫ್ ನೋಡುತ್ತಾ ನನಗೆ ಆಕಳಿಕೆ ಬರುತ್ತಿತ್ತು. ಹೊಸಬರಿಗೆ ಒಂದು ಮಾತು: ತಿದ್ದುವವಳಿಗೆ ಆಕಳಿಕೆ ಬಂದರೆ ಎದ್ದು ಮುಖ ತೊಳೆದುಕೊಂಡು ಬರಬೇಡಿ, ಬರೆದವರನ್ನು ಹೋಗಿ ಕೇಳಿ. ನಾನು ಕೇಳಿದೆ. "ಸಾರ್, ಎಲ್ಲಾ ಒಂದೇ ಥರ ಆಗ್ತಿದೆ." ಅವರು ನಕ್ಕರು. "ಜನಕ್ಕೆ ಅದೇ ಬೇಕು ಕಣೇ ಮುನಿಲಕ್ಷ್ಮಿ. ದಿನಾ ಮನೇಲಿ ಬೇರೆ ಬೇರೆ ಸಾರು ಮಾಡ್ತೀಯಾ ನೀನು?"

ಕೆ.ಆರ್. ಪುರಂ ಸ್ಟೇಷನ್ನಿನ ಪುಸ್ತಕದ ಅಂಗಡಿಯವನು ಒಂದು ದಿನ ಇನ್ನೊಂದು ವಿಷಯ ಹೇಳಿದ. "ಅಕ್ಕ, ನಿಮ್ಮ ಪಟ್ಟಿ ಯಾರೂ ಮುಟ್ಟಲ್ಲ ಈಗ. ಮೂರನೇ ಅಧ್ಯಾಯ ತೆಗೀತಾರೆ, ಗಜೇಂದ್ರನಿಗೆ ಕಾಫಿ ಯಾರು ಕೊಟ್ರು ಅಂತ ನೋಡ್ತಾರೆ, ಪುಸ್ತಕ ವಾಪಸ್ ಇಟ್ಟು ಹೋಗ್ತಾರೆ." ನನಗೆ ಮುಖಕ್ಕೆ ಹೊಡೆದ ಹಾಗಾಯಿತು. ಆಫೀಸಿಗೆ ಬಂದು ಹಿಂದಿನ ಪುಸ್ತಕಗಳನ್ನು ತೆಗೆದು ನೋಡಿದೆ. ಹೌದು! ಸಾಹುಕಾರನ ಮನೆಯಲ್ಲಿ ಮ್ಯಾನೇಜರ್ ಕಾಫಿ ಕೊಟ್ಟಿದ್ದ, ಕೊಲೆಗಾರ ಮ್ಯಾನೇಜರ್. ಲಾಡ್ಜಿನಲ್ಲಿ ಅಡುಗೆಯವನು ಕೊಟ್ಟಿದ್ದ, ಅವನೇ. ಒಂದರಲ್ಲಿ ಸ್ವಾಮೀಜಿ ಕೊಟ್ಟಿದ್ದರು, ಅವರನ್ನೂ ಬಿಟ್ಟಿರಲಿಲ್ಲ. ತುಂಬಾ ಒಳ್ಳೆಯವನಾಗಿ ಉಪಚಾರ ಮಾಡುವವನೇ ಕೊಲೆಗಾರ ಅನ್ನುವ ಜಾಣತನ ಮೊದಮೊದಲು ಚೆನ್ನಾಗಿತ್ತು. ಈಗ ಅವರ ಕೈ ತಾನಾಗಿ ಅಲ್ಲಿಗೇ ಹೋಗುತ್ತಿತ್ತು, ಅವರಿಗೇ ಅದು ಗೊತ್ತಿರಲಿಲ್ಲ.

ನಿಜವಾದ ಪೆಟ್ಟು ಬಿದ್ದದ್ದು ಶಿವಾಜಿನಗರದಲ್ಲಿ. ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿ ಬಾಷಾ ಅನ್ನುವವರದು ಹಳೇ ಪುಸ್ತಕದ ಅಂಗಡಿ. ನಿಘಂಟು ಹುಡುಕಲು ಹೋದವಳಿಗೆ ಮೂಲೆಯಲ್ಲಿ ನಮ್ಮ ಗಜೇಂದ್ರಗಳ ರಾಶಿ ಕಂಡಿತು. ನೋಡೋಣ ಅಂತ ಒಂದನ್ನು ಎತ್ತಿಕೊಂಡೆ. ಮಾರಾಟವಾಗದೆ ಬಂದ ಪುಸ್ತಕವಲ್ಲ, ಓದಿದ ಪುಸ್ತಕ. ರಟ್ಟಿನ ಮೇಲೆ ಲೋಟದ ಗುರುತು, ಪುಟಗಳ ಮೂಲೆ ಮಡಿಚಿದೆ, ನಡುವೆ ಎಲ್ಲೋ ಚಿತ್ರಾನ್ನದ ಅರಿಶಿನದ ಕಲೆ. ಏಳನೇ ಫಾರಮಿನ ಕೊನೆಯವರೆಗೂ ಬೆರಳಚ್ಚು. ಅದರಾಚೆ ಕೆಂಪು ಪಟ್ಟಿ ಹಾಗೇ ಇದೆ. ಹರಿದಿಲ್ಲ! ಇನ್ನೊಂದು ತೆಗೆದೆ, ಅದರದ್ದೂ ಹರಿದಿಲ್ಲ. ಮತ್ತೊಂದು, ಮತ್ತೊಂದು. ಓದದೆ ಬಿಟ್ಟಿದ್ದರೆ ಅಷ್ಟು ಸಂಕಟ ಆಗುತ್ತಿರಲಿಲ್ಲ. ಅಷ್ಟೂ ಓದಿ, ಕೊಲೆಗಾರನ ಬಾಗಿಲಿಗೆ ಬಂದು, ಒಳಗೆ ಇಣುಕಿ ನೋಡುವ ಮನಸ್ಸೂ ಆಗದೆ ಎದ್ದು ಹೋಗಿದ್ದಾರಲ್ಲ!

"ಎಲ್ಲಾ ಹಂಗೇ ಬರ್ತವೆ ಮೇಡಂ," ಅಂದರು ಬಾಷಾ. "ನಾನ್ ಕೇಳ್ದೆ ಒಬ್ರನ್ನ, ಕ್ಯೂಂ ಭಾಯ್, ಕೊನೇದು ಓದ್ಲಿಲ್ವಾ ಅಂತ. ಗೊತ್ತಿರೋದನ್ನ ಏನ್ ಓದೋದು ಅಂದ್ರು."

ಅಷ್ಟರಲ್ಲಿ ಪ್ರೆಸ್ಸಿನಲ್ಲೂ ಗಾಳಿ ಬದಲಾಗಿತ್ತು. ದೊಡ್ಡ ಯಜಮಾನರು ತೀರಿಕೊಂಡು ಅವರ ಮಗಳು ವಳ್ಳಿ ಕುರ್ಚಿಯಲ್ಲಿ ಕೂತಿದ್ದಳು. ಕೆಟ್ಟವಳಲ್ಲ. ಕೆಲಸಗಾರರಿಗೆ ಒಂದು ಕಹಿ ಮಾತಾಡಿದವಳಲ್ಲ. ಆದರೆ ನಮ್ಮ ಪುಸ್ತಕ ಒಂದನ್ನೂ ಓದಿದವಳಲ್ಲ. ನಾನು ಬಾಷಾ ಅಂಗಡಿಯ ವಿಷಯ ಹೇಳಿದಾಗ ಅವಳಿಗೆ ಆಶ್ಚರ್ಯವೇ ಆಗಲಿಲ್ಲ. "ಆಂಟಿ, ಐ ನೋ. ಗಜೇಂದ್ರ ಅನ್ನೋ ಹೆಸರಿಗೆ ಈಗ್ಲೂ ವ್ಯಾಲ್ಯೂ ಇದೆ, ಕಥೆಗಿಲ್ಲ. ಒಂದು ಟೀಮ್ ರೆಡಿ ಇದೆ, ಮೂರು ಜನ ಯಂಗ್ ರೈಟರ್ಸ್. ಮೊಬೈಲಲ್ಲಿ ಕೇಳೋ ಥರ ಸೀರೀಸ್ ಮಾಡ್ತಾರೆ. ಅಂಕಲ್ ರೆಸ್ಟ್ ತಗೊಳ್ಳಲಿ."

ಹಳೆಯ ಒಪ್ಪಂದದ ಪ್ರಕಾರ ಗಜೇಂದ್ರನ ಹೆಸರು ಪ್ರೆಸ್ಸಿನದು. ಶ್ರೀಕಂಠಯ್ಯನವರನ್ನು ಬಿಟ್ಟು ಗಜೇಂದ್ರ ಬೇರೆ ಬರಹಗಾರರ ಕೈಗೆ ಹೋಗಬಹುದು, ಯಾರೂ ತಡೆಯುವಂತಿಲ್ಲ. ನನಗೆ ರೇಗಿಹೋಯಿತು. "ಒಂದೇ ಒಂದು ಪುಸ್ತಕ ಕೊಡು ತಾಯಿ ಅವರಿಗೆ. ಆಮೇಲೆ ನಿನ್ನಿಷ್ಟ," ಅಂದೆ. ಅವಳು ಸ್ವಲ್ಪ ಯೋಚಿಸಿ ಒಪ್ಪಿದಳು. "ಓಕೆ. ಜಡ್ಜ್‌ಮೆಂಟ್ ನಿಮ್ಮ ಬಾಷಾ ಅಂಗಡೀಲೇ ಆಗ್ಲಿ. ಆ ಪುಸ್ತಕ ಅಲ್ಲಿಗೆ ಬಂದಾಗ ಪಟ್ಟಿ ಹರಿದಿದ್ರೆ ಅಂಕಲ್ ಬರೀಲಿ. ಹರಿದಿಲ್ಲ ಅಂದ್ರೆ ಟೀಮ್." ನಿವೃತ್ತಿಗೆ ಹತ್ತಿರದಲ್ಲಿದ್ದ ನನಗೆ ಈ ತಲೆನೋವು ಯಾಕೆ ಬೇಕಿತ್ತು ಅಂತ ಮನೆಯಲ್ಲಿ ನಮ್ಮೆಜಮಾನರು ಕೇಳಿದರು. ಅಷ್ಟು ವರ್ಷ ಆ ಮನುಷ್ಯನ ವಾಕ್ಯಗಳ ಜೊತೆ ಸಂಸಾರ ಮಾಡಿದ್ದೆ, ಸುಮ್ಮನೆ ಬಿಟ್ಟುಕೊಡಲು ಹೊಟ್ಟೆ ಒಪ್ಪಲಿಲ್ಲ, ಅಷ್ಟೇ.

ಬಾಷಾ ಅಂಗಡಿಯಿಂದ ಮೂರು ಪುಸ್ತಕ ತೆಗೆದುಕೊಂಡು ಹೊಸ ತಿಪ್ಪಸಂದ್ರಕ್ಕೆ ಹೋದೆ. ಮಾರ್ಕೆಟ್ ರಸ್ತೆಯಲ್ಲಿ ಸೊಪ್ಪಿನವರ ನಡುವೆ ದಾರಿ ಮಾಡಿಕೊಂಡು ಹೋಗುವಾಗಲೂ ಬಾಯಲ್ಲಿ ಮಾತು ಜೋಡಿಸಿಕೊಳ್ಳುತ್ತಿದ್ದೆ. ಅವರ ಮುಂದೆ ಮೇಜಿನ ಮೇಲೆ ಇಟ್ಟಾಗ ಒಂದೂ ನೆನಪಿಗೆ ಬರಲಿಲ್ಲ.

"ಏನೇ, ಹೊಸ ಪ್ರತೀನಾ? ಪಟ್ಟಿ ಹಂಗೇ ಇದೆ," ಅಂದರು.

"ಹೊಸದಲ್ಲ ಸಾರ್. ಓದಿ ಮಾರಿರೋ ಪುಸ್ತಕ."

ಅವರು ಕನ್ನಡಕ ಹಾಕಿಕೊಂಡು ಪುಟ ತಿರುಗಿಸಿದರು. ಅರಿಶಿನದ ಕಲೆ ನೋಡಿದರು. ಏಳನೇ ಫಾರಮಿನ ಕೊನೆಗೆ ಬಂದು ಬೆರಳು ನಿಂತಿತು. ಎರಡನೆಯದನ್ನೂ ಹಾಗೇ ನೋಡಿದರು. ಮೂರನೆಯದನ್ನು ಮುಟ್ಟಲಿಲ್ಲ. ನಾನು ವಳ್ಳಿಯ ಮಾತನ್ನೂ, ಕಾಫಿಯ ವಿಷಯವನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದೆ. ಅವರ ಕಿವಿ ಕೆಂಪಾಗಿತ್ತು.

"ಎದ್ದು ಹೋಗು."

"ಸಾರ್—"

"ಹೋಗು ಅಂದೆನಲ್ಲ! ನನ್ನ ಗಜೇಂದ್ರನ್ನ ನನಗೇ ಹೇಳ್ಕೊಡಕ್ಕೆ ಬಂದ್ಲು."

ಬಸ್ ಸ್ಟಾಪಿನಲ್ಲಿ ನಿಂತು ಅತ್ತುಬಿಟ್ಟೆ. ಇವರ ಪುಸ್ತಕ ಹಾಳಾಗಿ ಹೋಗಲಿ ಅಂತಲೂ ಬೈದೆ. ಮಾರನೇ ವಾರ ಎಂದಿನಂತೆ ಮೊದಲ ಫಾರಮಿನ ಹಸ್ತಪ್ರತಿ ಬಂತು. ಅದರ ಜೊತೆ ನನಗಂತ ಒಂದಕ್ಷರ ಇಲ್ಲ, ಚೆನ್ನಾಗಿದ್ದೀಯಾ ಅಂತಲೂ ಇಲ್ಲ.

ಕಥೆ ಹಲಸೂರಿನ ಒಂದು ಹಳೇ ಮನೆಯದು. ಮನೆಯೊಡತಿ ರಾಜಮ್ಮನಿಗೆ ಯಾರೋ ವಿಷ ಹಾಕಿದ್ದಾರೆ. ಅನುಮಾನಕ್ಕೆ ಮೂವರು: ಜಗಳಗಂಟ ಮೈದುನ, ಮನೆಯ ಡಾಕ್ಟರು, ಮಹಡಿಯಲ್ಲಿ ಬಾಡಿಗೆಗಿರುವ ಮೇಷ್ಟ್ರು. ಆಸೆಯಿಂದ ಓದುತ್ತಾ ಹೋದೆ. ಎರಡನೇ ಫಾರಮಿನ ಹಾಳೆಗಳಲ್ಲಿ ಮೂರನೇ ಅಧ್ಯಾಯ ಬಂತು. ಡಾಕ್ಟರು ಗಜೇಂದ್ರನ ಕೈಗೆ ಕಾಫಿ ಕೊಟ್ಟರು! ಇಷ್ಟೆಲ್ಲ ಹೇಳಿದ ಮೇಲೂ! ಫೋನ್ ಮಾಡಿದೆ, ತೆಗೆಯಲಿಲ್ಲ. ಕೆಲಸ ನಿಲ್ಲಿಸುವಂತಿರಲಿಲ್ಲ, ಫಾರಂ ಒಂದೊಂದಾಗಿ ಮಶೀನಿಗೆ ಹೋದವು. ಐದನೆಯದರಲ್ಲಿ ಡಾಕ್ಟರ ತಲೆಗೇ ಯಾರೋ ಹೊಡೆದು, ಅವರಿಗೆ ಬ್ಯಾಂಡೇಜು ಬಿತ್ತು. ಏಳನೆಯದರ ಕೊನೆಯ ಸಾಲಿನಲ್ಲಿ ಗಜೇಂದ್ರ ಏಲಕ್ಕಿ ಬಾಯಿಗೆ ಹಾಕಿಕೊಂಡ. ಏಳೂ ಅಚ್ಚಾಗಿ ಬೈಂಡಿಂಗ್ ಕಟ್ಟೆಯ ಮೇಲೆ ಕೂತವು.

ಎಂಟನೆಯದನ್ನು ತೆಗೆದುಕೊಂಡು ಶ್ರೀಕಂಠಯ್ಯನವರು ತಾವೇ ಪ್ರೆಸ್ಸಿಗೆ ಬಂದರು. ಬೆಳಗಿನ ಹೊತ್ತು. ನನ್ನ ಮುಖ ನೋಡಲಿಲ್ಲ. ಚೀಲವನ್ನು ಎದೆಗವಚಿಕೊಂಡು ಮಶೀನಿನ ಹತ್ತಿರ ನಿಂತು, "ಎಲ್ಲಾ ಇಲ್ಲಿ ಬನ್ನಿ. ಇಲ್ಲೀವರೆಗೂ ಓದಿದ್ದೀರಲ್ಲ, ಕೊಲೆಗಾರ ಯಾರು ಹೇಳಿ," ಅಂದರು. ಅವರ ಧ್ವನಿಯಲ್ಲಿ ಪಂಥ ಇತ್ತು.

ಮಶೀನ್ ಓಡಿಸುವ ಅನ್ವರ್ ಭಾಯ್ ಕೈ ಒರೆಸಿಕೊಳ್ಳುತ್ತಾ, "ಡಾಕ್ಟರ್ ಅಲ್ವಾ ಸಾಬ್?" ಅಂದರು.

"ಅವರ ತಲೆಗೇ ಏಟು ಬಿದ್ದಿದೆಯಲ್ಲೋ!"

"ಅದು ಅವ್ರೇ ಹೊಡ್ಕೊಂಡಿರೋದು ಸಾಬ್."

ಬೈಂಡಿಂಗ್ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗು ತಡೆದರು. "ಡಾಕ್ಟ್ರೇ," ಅಂದರು. ಶ್ರೀಕಂಠಯ್ಯನವರು ಕೊನೆಗೆ ನನ್ನ ಕಡೆ ತಿರುಗಿದರು. ಆ ಕಣ್ಣು ಇವತ್ತಿಗೂ ಕಣ್ಣ ಮುಂದಿದೆ. ಸುಳ್ಳು ಹೇಳು ಅಂತ ಬೇಡುತ್ತಿತ್ತು ಅನ್ನಿಸಿತು. ಹೇಳಬಹುದಿತ್ತು. ಆದರೆ ಸುಳ್ಳು ಹೇಳಿದರೆ ಬಾಷಾ ಅಂಗಡಿಯ ರಾಶಿಗೆ ಇನ್ನೊಂದು ಪುಸ್ತಕ ಸೇರುತ್ತದೆ.

"ಡಾಕ್ಟರು ಸಾರ್," ಅಂದೆ.

ಅವರು ಚೀಲದಿಂದ ಹಾಳೆಗಳನ್ನು ತೆಗೆದು ಎರಡಾಗಿ ಹರಿದು ರದ್ದಿ ಬುಟ್ಟಿಗೆ ಹಾಕಿದರು. ನಗು ನಿಂತಿತು. ಒಳಗಿನಿಂದ ವಳ್ಳಿ ಬಂದಳು. ಏನಾಯಿತೆಂದು ಕೇಳಿ ತಿಳಿದುಕೊಂಡು ಗಡಿಯಾರ ನೋಡಿದಳು. "ಅಂಕಲ್, ಮಧ್ಯಾಹ್ನದ ಮೇಲೆ ಮಶೀನ್ ಬೇರೆ ಕೆಲಸಕ್ಕೆ ಹೋಗುತ್ತೆ, ಮಾತು ಕೊಟ್ಟುಬಿಟ್ಟಿದ್ದೀನಿ. ಅಷ್ಟರೊಳಗೆ ಕೊನೇ ಫಾರಂ ಬರ್ಲಿಲ್ಲ ಅಂದ್ರೆ ಟೀಮ್ ಹತ್ರ ಬರೆಸ್ತೀನಿ. ಬೇರೆ ದಾರಿ ಇಲ್ಲ, ಸಾರಿ."

"ನಾನೇ ಬರೀತೀನಿ," ಅಂದರು. ನನ್ನ ಮೇಜಿಗೆ ಬಂದು ಕೂತರು. ಪೆನ್ನು ತೆಗೆದರು. ಅಷ್ಟೇ. ಕಾಗದ ಬಿಳಿಯಾಗೇ ಉಳಿಯಿತು. ಏಳು ಫಾರಂ ಅಚ್ಚಾಗಿದೆ, ಒಂದಕ್ಷರ ಅಲುಗಾಡಿಸುವಂತಿಲ್ಲ. ಮೈದುನನನ್ನು ಕೊಲೆಗಾರ ಮಾಡೋಣವೆಂದರೆ ಅವನನ್ನು ನಾಲ್ಕನೇ ಫಾರಮಿನಲ್ಲೇ ಊರು ಬಿಡಿಸಿ ನಿರಪರಾಧಿ ಅಂತ ಸಾಬೀತು ಮಾಡಿಯಾಗಿದೆ. ಮೇಷ್ಟ್ರಿಗೆ ಕಥೆಯಲ್ಲಿ ಕೆಲಸವೇ ಇಲ್ಲ. ಅನ್ವರ್ ಭಾಯ್ ಒಂದು ಸಲ ಬಂದು ಇಣುಕಿದರು. "ಲಕ್ಷ್ಮಕ್ಕ, ಮಶೀನ್ ಖಾಲಿ ನಿಂತದೆ." ಇನ್ನೊಂದು ಸಲ ಬಂದು ಗಡಿಯಾರ ನೋಡಿ ಹೋದರು.

"ಆಗಲ್ಲ ಮುನಿಲಕ್ಷ್ಮಿ," ಅಂದರು ಕೊನೆಗೆ. ಪೆನ್ನಿನ ಮುಚ್ಚಳ ಹಾಕಿದರು. "ಡಾಕ್ಟರ್ ಬಿಟ್ಟು ಬೇರೆ ಯಾರೂ ಕಾಣ್ತಿಲ್ಲ ನನಗೆ. ಆ ಟೀಮಿನ ಮಕ್ಕಳಿಗೇ ಕೊಟ್ಟುಬಿಡು ಗಜೇಂದ್ರನ್ನ."

ನನಗೆ ಎಲ್ಲಿತ್ತೋ ಸಿಟ್ಟು, ಬಾಯಿಗೆ ಬಂದದ್ದೆಲ್ಲ ಅಂದುಬಿಟ್ಟೆ. ಹಿರಿಯರು ಅನ್ನುವುದನ್ನೂ ಮರೆತೆ.

"ಹೆಂಗೆ ಕಾಣುತ್ತೆ ಸಾರ್? ಕಣ್ಣು ಮುಚ್ಕೊಂಡು ಬರೆದ್ರೆ ಹೆಂಗೆ ಕಾಣುತ್ತೆ? ಕಾಫಿ ಕೊಟ್ಟೋನು ಕಳ್ಳ, ಏಲಕ್ಕಿ ಹಾಕಿದ್ರೆ ಮುಗೀತು, ಬಾಗಿಲು ತೆಗೆದ್ರೆ ಗಾಳಿ ಬೀಸುತ್ತೆ. ಪ್ರತಿ ಪುಸ್ತಕದಲ್ಲೂ ಯಾರೋ ಒಬ್ಬ ಬಂದು, 'ನಿಮ್ಮ ಎಲ್ಲ ಕೇಸುಗಳನ್ನೂ ಓದಿದ್ದೇನೆ ಗಜೇಂದ್ರ ಅವರೇ' ಅಂತ ಹಲ್ಲು ಗಿಂಜಬೇಕು. ಇದರಲ್ಲೂ ಇದೆ! ಅದನ್ನಾದ್ರೂ ಹೊಡೆದು ಹಾಕೋಣ ಅಂತ ಕೆಂಪು ಪೆನ್ನು ಇಟ್ಟಿದ್ದೆ, ಹಾಳಾಗಿ ಹೋಗ್ಲಿ ಅಂತ ಬಿಟ್ಟೆ."

ಅವರು ತಲೆ ಎತ್ತಿದರು. "ಇದರಲ್ಲಿ ಆ ಮಾತು ಯಾರು ಆಡ್ತಾರೆ?"

"ಯಾರೋ. ಮೇಷ್ಟ್ರು ಅನ್ಸುತ್ತೆ."

"ಅನ್ಸುತ್ತೆ ಅಲ್ಲ, ತಗೊಂಡು ಬಾ."

ಕಟ್ಟೆಯಿಂದ ಎರಡನೇ ಫಾರಂ ತಂದೆ. ಮಹಡಿಯ ಬಾಡಿಗೆ ಮೇಷ್ಟ್ರು ಕೈ ಮುಗಿದು, "ನಿಮ್ಮ ಎಲ್ಲ ಕೇಸುಗಳನ್ನೂ ಓದಿದ್ದೇನೆ ಗಜೇಂದ್ರ ಅವರೇ, ಒಂದನ್ನೂ ಬಿಟ್ಟಿಲ್ಲ" ಅನ್ನುತ್ತಾರೆ. ಸುಮ್ಮನೆ ಜಾಗ ತುಂಬಿಸಲು ಬರೆದ ಮಾತು. ಶ್ರೀಕಂಠಯ್ಯನವರು ಆ ಸಾಲಿನ ಮೇಲೆ ಬೆರಳಿಟ್ಟರು. ಆಮೇಲೆ ಮೆಲ್ಲಗೆ, "ಕಾಫಿ ಬರೋ ಸಾಲು ಓದು," ಅಂದರು.

ಓದಿದೆ. "ಒಳಗಿನಿಂದ ಬಂದ ಕಾಫಿಯನ್ನು ಡಾಕ್ಟರು ಗಜೇಂದ್ರನ ಕೈಗೆ ಕೊಟ್ಟರು."

"ಒಳಗಿನಿಂದ," ಅಂದರು. "ಒಳಗೆ ಯಾರಿದ್ರು ಆಗ?"

ಇಬ್ಬರೂ ಪುಟ ಹಿಂದಕ್ಕೆ ತಿರುಗಿಸಿದೆವು. ಮೈದುನ ಹೊರಗೆ ಜಗಳವಾಡುತ್ತಿದ್ದಾನೆ. ಮೇಷ್ಟ್ರು ಎಲ್ಲೂ ಇಲ್ಲ. ಎಲ್ಲೂ ಇಲ್ಲವೆಂದರೆ ಒಳಗಿರಬಹುದು! ಗಜೇಂದ್ರನ ಕೇಸುಗಳನ್ನು ಒಂದೂ ಬಿಡದೆ ಓದಿದವನಿಗೆ ಏನು ಗೊತ್ತಿರುತ್ತದೆ? ಕಾಫಿ ಕೊಟ್ಟವರ ಮೇಲೆ ಗಜೇಂದ್ರ ಅನುಮಾನ ಪಡುತ್ತಾನೆ ಅಂತ. ಶಿವಾಜಿನಗರದಲ್ಲಿ ಪಟ್ಟಿ ಹರಿಯದೆ ಪುಸ್ತಕ ಮಾರಿದವರಿಗೆಲ್ಲ ಅದು ಗೊತ್ತಿತ್ತು. ಅವರಲ್ಲೊಬ್ಬ ಕೊಲೆ ಮಾಡಿ, ತಾನು ಕಾಫಿ ಮಾಡಿ, ಡಾಕ್ಟರ ಕೈಯಲ್ಲಿ ಕೊಡಿಸಿದರೆ?

ಶ್ರೀಕಂಠಯ್ಯನವರು ಆಗಲೇ ಬರೆಯತೊಡಗಿದ್ದರು. ನಾನು ಅವರ ಹೆಗಲ ಹಿಂದೆ ನಿಂತೆ. ಅವರು ಒಂದು ಹಾಳೆ ಮುಗಿಸುವುದಕ್ಕೂ ನಾನು ಅದನ್ನು ಎತ್ತಿಕೊಂಡು ಹೋಗಿ ಕಂಪ್ಯೂಟರಿನಲ್ಲಿ ಕುಟ್ಟುವುದಕ್ಕೂ ಸರಿಹೋಯಿತು. ಗಜೇಂದ್ರ ಎಲ್ಲರ ಮುಂದೆ ಡಾಕ್ಟರೇ ಕೊಲೆಗಾರ ಅನ್ನುತ್ತಾನೆ. ಆದರೆ ಕೊಲೆಯಾದ ಹೊತ್ತಿನಲ್ಲಿ ಡಾಕ್ಟರು ಬೇರೆಲ್ಲೋ ಹೆರಿಗೆ ಮಾಡಿಸುತ್ತಿದ್ದರು, ಸಾಕ್ಷಿ ಇದೆ. ಅಷ್ಟು ವರ್ಷದಲ್ಲಿ ಮೊದಲ ಸಲ ಗಜೇಂದ್ರನ ಎಣಿಕೆ ತಪ್ಪುತ್ತದೆ. ಅವನು ಬಾಯಿಯಿಂದ ಏಲಕ್ಕಿ ಉಗಿಯುತ್ತಾನೆ. ತಲೆ ತಗ್ಗಿಸಿ ಕೂತು, ಯಾವ ಕೇಸಿನಲ್ಲೂ ಕೇಳದೆ ಬಿಟ್ಟ ಪ್ರಶ್ನೆ ಕೇಳುತ್ತಾನೆ. "ಆ ದಿನ ನನಗೆ ಕಾಫಿ ಮಾಡಿದ್ದು ಯಾರು?" ಮೇಷ್ಟ್ರು ನಗುತ್ತಾರೆ. "ಈಗ ಕೇಳಿದಿರಾ?"

ಕೊನೆಯ ಹಾಳೆ ನನ್ನ ಕೈಗೆ ಬಂದಾಗ ನಾನು ಕುಟ್ಟುವುದನ್ನು ನಿಲ್ಲಿಸಿದೆ. ಗಜೇಂದ್ರ ಡಾಕ್ಟರ ಹತ್ತಿರ ಕ್ಷಮೆ ಕೇಳಿ, ಏಲಕ್ಕಿ ಡಬ್ಬಿಯನ್ನು ಆ ಮನೆಯ ಮೆಟ್ಟಿಲ ಮೇಲಿಟ್ಟು, ಇನ್ನು ಮುಂದೆ ನಾನು ಕೇಸು ಹಿಡಿಯುವುದಿಲ್ಲ ಅಂದು ನಡೆದು ಹೋಗುತ್ತಾನೆ.

"ಸಾರ್, ಇದು... ಮುಂದಿನ ತಿಂಗಳು ಏನು ಮಾಡೋದು?"

"ಕುಟ್ಟು," ಅಂದರು. "ಮೊದಲು ಈ ಪಟ್ಟಿ ಯಾರಾದ್ರೂ ಹರೀಲಿ."

ಪ್ಲೇಟು ತಯಾರಾಗಿ ಮಶೀನು ತಿರುಗಿದಾಗ ವಳ್ಳಿ ಕೊಟ್ಟ ಗಡುವು ಮುಗಿಯುತ್ತಾ ಬಂದಿತ್ತು. ಅನ್ವರ್ ಭಾಯ್ ಮೊದಲ ಹಾಳೆ ಎತ್ತಿ ಹಸಿ ಮಸಿಯಲ್ಲೇ ಓದಿದರು. ಶ್ರೀಕಂಠಯ್ಯನವರ ಮುಂದೆ ಬಂದು ನಿಂತರು. "ಮುಝೇ ಬೇವಕೂಫ್ ಬನಾಯಾ ಸಾಬ್ ನೀವು," ಅಂದರು. ನನ್ನನ್ನು ಪೆದ್ದ ಮಾಡಿದಿರಿ ಅಂತ ಬೈಯುತ್ತಿದ್ದಾರೋ ಹೊಗಳುತ್ತಿದ್ದಾರೋ ಗೊತ್ತಾಗಲಿಲ್ಲ, ಆದರೆ ಕಣ್ಣು ಅರಳಿತ್ತು.

ಪುಸ್ತಕ ಹೊರಗೆ ಬಂತು. ಆಮೇಲಿನ ದಿನಗಳಿದ್ದಾವಲ್ಲ, ಅವುಗಳಷ್ಟು ಕೆಟ್ಟ ದಿನಗಳನ್ನು ನಾನು ಆ ಕೆಲಸದಲ್ಲಿ ಕಂಡಿಲ್ಲ. ಹೊಸ ಪುಸ್ತಕ ಹಳೇ ಅಂಗಡಿಗೆ ಬರಬೇಕಾದರೆ ಯಾರಾದರೂ ಕೊಳ್ಳಬೇಕು, ಓದಬೇಕು, ಮಾರಬೇಕು. ಅಂಗಡಿಗೆ ಹೋದಾಗಲೆಲ್ಲ ಬಾಷಾ ದೂರದಿಂದಲೇ ತಲೆಯಾಡಿಸುತ್ತಿದ್ದರು. "ಇನ್ನೂ ಬಂದಿಲ್ಲ ಮೇಡಂ." ಶ್ರೀಕಂಠಯ್ಯನವರು ಫೋನು ಮಾಡಿ ಊಟ ಆಯ್ತಾ, ಮಗಳು ಹೇಗಿದ್ದಾಳೆ ಅಂತ ಕೇಳುತ್ತಿದ್ದರು, ಕೇಳಬೇಕಾದ್ದನ್ನು ಮಾತ್ರ ಕೇಳುತ್ತಿರಲಿಲ್ಲ. ನನ್ನ ನಿವೃತ್ತಿಯ ದಿನ ಪ್ರೆಸ್ಸಿನಲ್ಲಿ ಹಾರ ಹಾಕಿದರು, ಮೈಸೂರುಪಾಕು ಹಂಚಿದರು. ನನಗೆ ಅದರ ರುಚಿಯೇ ಹತ್ತಲಿಲ್ಲ.

ಅದಾದ ಮೇಲೆ ಒಂದು ಬೆಳಿಗ್ಗೆ ಬಾಷಾ ಫೋನ್ ಮಾಡಿದರು. "ಮೇಡಂ, ಬಂದದೆ. ಬನ್ನಿ." ಹರಿದಿದೆಯಾ ಅಂತ ಕೇಳಲು ನನಗೆ ಧೈರ್ಯ ಬರಲಿಲ್ಲ. ಒಪ್ಪಿಕೊಂಡ ಹಾಗೆ ವಳ್ಳಿಗೆ ತಿಳಿಸಿದೆ. ಅವಳು ಕಾರು ತಂದಳು. ಗಲ್ಲಿಯೊಳಗೆ ಕಾರು ಹೋಗದೆ ಇಬ್ಬರೂ ಕೋಳಿ ಅಂಗಡಿಗಳ ಪಕ್ಕದಲ್ಲಿ ನಡೆದುಕೊಂಡು ಹೋದೆವು. ಅವಳು ನನಗಿಂತ ಮುಂದೆ ಮುಂದೆ ಹೆಜ್ಜೆ ಹಾಕುತ್ತಿದ್ದಳು. ಪಾಪ, ಅವಳಿಗೂ ಒಳಗೊಳಗೇ ಹೆದರಿಕೆ ಇತ್ತು ಅನ್ನಿಸುತ್ತದೆ.

ಬಾಷಾ ಪುಸ್ತಕವನ್ನು ವಳ್ಳಿಯ ಕೈಗೇ ಕೊಟ್ಟರು. ಅವಳು ತಿರುಗಿಸಿ ನೋಡಿದಳು. ಪಟ್ಟಿ ಎಲ್ಲಿ? ನಾನು ಕಿತ್ತುಕೊಂಡು ನೋಡಿದೆ. ಪಟ್ಟಿ ಇರಲಿಲ್ಲ. ಅದು ಅಂಟಿಕೊಂಡಿದ್ದ ಕಡೆ ಪುಟದ ಅಂಚೇ ಕಿತ್ತುಬಂದಿತ್ತು, ಒಂದು ಚೂರು ಕೆಂಪು ಕಾಗದ ಇನ್ನೂ ಅಂಟಿಕೊಂಡಿತ್ತು. "ಇನ್ನೂ ಇದಾವೆ," ಅಂತ ಬಾಷಾ ಕೆಳಗಿನಿಂದ ಮತ್ತೆರಡು ತೆಗೆದರು. ಅವೂ ಹರಿದಿದ್ದವು. ನಾನು ಆ ಗಲ್ಲಿಯಲ್ಲೇ, ಬುಟ್ಟಿ ಹೊತ್ತವರೆಲ್ಲ ನೋಡುತ್ತಿರುವಂತೆ, ಬಾಷಾ ಕೈ ಹಿಡಿದುಕೊಂಡು ಗೊಳೋ ಅಂತ ಅತ್ತೆ.

ಅಲ್ಲಿಂದ ನೇರ ಹೊಸ ತಿಪ್ಪಸಂದ್ರ. ವಳ್ಳಿ ಒಳಗೆ ಕಾಲಿಡುತ್ತಲೇ, "ಅಂಕಲ್, ಯೂ ವನ್! ಟೀಮ್ ಕ್ಯಾನ್ಸಲ್. ಮುಂದಿನ ಗಜೇಂದ್ರ ಯಾವಾಗ ಕೊಡ್ತೀರಾ?" ಅಂದಳು.

ಶ್ರೀಕಂಠಯ್ಯನವರು ನಕ್ಕರು. "ಕೊನೇ ಫಾರಂ ಓದಿಲ್ವಾಮ್ಮ ನೀನು?"

ಅವಳ ಮುಖ ಸಣ್ಣದಾಯಿತು. ಕೈಯಲ್ಲಿದ್ದ ಹರಿದ ಪ್ರತಿಯನ್ನೇ ತೆಗೆದು, ನಿಂತುಕೊಂಡೇ ಕೊನೆಯ ಪುಟ ಓದಿದಳು. ಆಮೇಲೆ ಕೂತು ಆ ಫಾರಮನ್ನು ಮೊದಲಿನಿಂದ ಓದಿದಳು. ನಾವು ಇಬ್ಬರೂ ಅವಳ ಮುಖವನ್ನೇ ನೋಡುತ್ತಿದ್ದೆವು, ಜಗಲಿಯ ಮೇಲೆ ಅವಳಪ್ಪ ಓದುವಾಗ ನೋಡುತ್ತಿದ್ದ ಹಾಗೆ.

"ಗಜೇಂದ್ರ ವಾಪಸ್ ಬರಬಹುದಲ್ವಾ ಅಂಕಲ್? ಮನಸ್ಸು ಬದಲಾಯಿಸಿ?" ಅಂದಳು. ಮಗುವಿನ ಹಾಗೆ ಕೇಳಿದಳು.

ಅವರು ಅವಳ ಕೈಯಲ್ಲಿದ್ದ ಕೊನೆಯ ಪುಟವನ್ನು ತೋರಿಸಿದರು. ಅವಳೇ ಪುಸ್ತಕ ಮುಚ್ಚಿದಳು. "ಅಪ್ಪ ಇದ್ದಿದ್ರೆ ಹೇಳ್ತಿದ್ರು," ಅಂದಳು. "ಅಚ್ಚಾಯ್ತಾ? ಹಾಗಾದ್ರೆ ನಡೆದುಹೋಯ್ತು." ಗಜೇಂದ್ರನ ಹೆಸರಿನಲ್ಲಿ ಆಮೇಲೆ ಯಾರೂ ಏನೂ ಬರೆಯಲಿಲ್ಲ. ಆ ಮೂರು ಜನ ಹುಡುಗರು ತಮ್ಮದೇ ಪತ್ತೇದಾರನನ್ನು ಹುಟ್ಟಿಸಿಕೊಂಡರು, ಆಗಾಗ ನನ್ನ ಹತ್ತಿರ ಬಂದು ಬೈಸಿಕೊಂಡು ಹೋಗುತ್ತಾರೆ.

ಆ ದಿನ ವಳ್ಳಿ ಕೈ ಮುಗಿದು ಹೊರಟಾಗ ಪುಸ್ತಕವನ್ನು ಮೇಜಿನ ಮೇಲೆ ಬಿಟ್ಟಳು. ಶ್ರೀಕಂಠಯ್ಯನವರು ಆಗ ಅದನ್ನು ಎತ್ತಿಕೊಂಡರು. ಬೆಳಕಿಗೆ ಹಿಡಿದರು. ಕಿತ್ತುಹೋದ ಅಂಚಿನ ಮೇಲೆ ಹೆಬ್ಬೆರಳನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಆಡಿಸಿದರು.

"ಬ್ಲೇಡು ಹುಡುಕೋವಷ್ಟು ತಾಳ್ಮೆ ಇರಲಿಲ್ಲ ನೋಡೇ ಇದನ್ನ ಓದಿದವನಿಗೆ," ಅಂದರು.